ಆಂಪ್ಲಿಫೈಯರ್ ಯಾಕೆ ಸುಟ್ಟೋಯ್ತು? ನಮ್ಮ ಕೊಡಗಿನಲ್ಲಿ ಪದೇ ಪದೇ ಕೇಳೋ ಪ್ರಶ್ನೆಗಳು

ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ ಅಣ್ಣ, ಹೊಸದು ತಂದು ಹಾಕಿದ್ರೆ ಸರಿಯಾಗುತ್ತಲ್ಲ?

ಗೋಣಿಕೊಪ್ಪಲು, ವಿರಾಜಪೇಟೆ, ನಾಪೋಕ್ಲು, ಎಲ್ಲಿಂದ ಫೋನ್ ಬಂದ್ರೂ ಮೊದಲನೇ ಪ್ರಶ್ನೆ ಇದೇ, ಅದಕ್ಕೇ ಮೊದಲು ಇದನ್ನೇ ಹೇಳ್ತೀನಿ. ಔಟ್‌ಪುಟ್ ಟ್ರಾನ್ಸಿಸ್ಟರ್, ಅಂದ್ರೆ ಸ್ಪೀಕರಿಗೆ ಕರೆಂಟ್ ಕೊಡೋದು, ಸತ್ತಿರೋದು ನಿಜ, ಆದ್ರೆ ಅದು ತಾನಾಗೇ ಸಾಯೋದು ತೀರಾ ಕಮ್ಮಿ, ಅದನ್ನ ಏನೋ ಒಂದು ಕೊಂದಿರುತ್ತೆ. ಕೊಂದಿದ್ದು ಏನು ಅಂತ ಹುಡುಕದೆ ಹೊಸ ಜೋಡಿ ಹಾಕಿ ಸ್ವಿಚ್ ಹಾಕಿದ್ರೆ ಅದೂ ಹೋಗುತ್ತೆ, ಜೊತೆಗೆ ಅದನ್ನ ನಡೆಸೋ ಡ್ರೈವರ್ ಟ್ರಾನ್ಸಿಸ್ಟರನ್ನೂ ಸ್ಪೀಕರನ್ನೂ ಕರ್ಕೊಂಡು ಹೋಗುತ್ತೆ. ನಾನು ಕೆಲಸ ಕಲಿಯೋವಾಗ ಒಂದೇ ಸೆಟ್ಟಿಗೆ ಮೂರು ಸಲ 5200-1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ ಹಾಕಿ ಮೂರು ಸಲವೂ ಸುಟ್ಟಿದ್ದೀನಿ. ಕಾರಣ ಸಿಕ್ಕಿದ್ದು ನಾಲ್ಕನೇ ಸಲ. ಆ ಕಥೆ ಕೆಳಗೆ ಬರುತ್ತೆ, ಅದು ನಮ್ಮ ಊರಿನ ಮಳೆಗೇ ಸೇರಿದ್ದು.

ಒಳಗೆ ಕೈ ಹಾಕೋ ಮೊದಲು ಏನು ನೋಡಬೇಕು?

ಪ್ಲಗ್ ಕಿತ್ತಿಡಿ. ಆಮೇಲೆ ಮುಚ್ಚಳ ತೆಗೆದು ಸಪ್ಲೈ ಕಡೆಯ ದೊಡ್ಡ ಫಿಲ್ಟರ್ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಇದರಲ್ಲಿ ಅವಸರ ಬೇಡ. 10000 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡರಲ್ಲಿ ಪ್ಲಸ್ 60, ಮೈನಸ್ 60 ವೋಲ್ಟ್ ತುಂಬಿಕೊಂಡು ಕೂತಿದ್ರೆ ಎರಡು ತುದಿ ಮಧ್ಯೆ 120 ವೋಲ್ಟ್ ಇರುತ್ತೆ, ಸ್ವಿಚ್ ಆಫ್ ಮಾಡಿದ ಎಷ್ಟೋ ಹೊತ್ತಿನ ಮೇಲೂ ಇರಬಹುದು, ಅದರಲ್ಲೂ ಆಂಪ್ ಸತ್ತಿದ್ದು ಫ್ಯೂಸ್ ಹೋಗಿದ್ರೆ ಅದನ್ನ ಕುಡಿಯೋರೇ ಯಾರೂ ಇರಲ್ಲ. ಸ್ಕ್ರೂಡ್ರೈವರ್‌ನಲ್ಲಿ ಶಾರ್ಟ್ ಮಾಡಿ ಪಟಾರ್ ಅನ್ನಿಸಬೇಡಿ, ಕೆಪಾಸಿಟರ್‌ಗೂ ಒಳ್ಳೇದಲ್ಲ ಕಣ್ಣಿಗೂ ಒಳ್ಳೇದಲ್ಲ. 1 ಕೆ (1000 ಓಮ್), 5 ವ್ಯಾಟ್ ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ, ಒಂದೊಂದು ಕೆಪಾಸಿಟರ್‌ಗೂ ಒಂದು ನಿಮಿಷ ಹಿಡಿದು ಆಮೇಲೆ ಮೀಟರ್‌ನಲ್ಲಿ ನೋಡಿ, ಸೊನ್ನೆ ಹತ್ರ ಬಂದಿದ್ರೆ ಮಾತ್ರ ಕೈ ಹಾಕಿ.

ಆಮೇಲೆ ಮೂಗು ಮತ್ತೆ ಕಣ್ಣು. ಸುಟ್ಟ ರೆಸಿಸ್ಟರ್ ವಾಸನೆ ಬೇರೆ, ಟ್ರಾನ್ಸ್‌ಫಾರ್ಮರ್ ವಾರ್ನಿಷ್ ಸುಟ್ಟ ವಾಸನೆ ಬೇರೆ, ಕೆಪಾಸಿಟರ್ ಒಡೆದು ಸೋರಿದ್ದು ಮೀನಿನ ಥರ ಬರುತ್ತೆ. ಫ್ಯೂಸ್ ಗಾಜನ್ನ ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಕಪ್ಪಾಗಿ, ಬೆಳ್ಳಿ ಬಳಿದ ಹಾಗೆ ಆಗಿದ್ರೆ ಜೋರು ಶಾರ್ಟ್, ಒಂದೇ ಏಟಿಗೆ ಹೋಗಿದೆ. ಗಾಜು ಸ್ವಚ್ಛವಾಗಿದ್ದು ಒಳಗಿನ ತಂತಿ ಮಾತ್ರ ಮಧ್ಯದಲ್ಲಿ ತುಂಡಾಗಿದ್ರೆ ಓವರ್‌ಲೋಡು, ಇಲ್ಲಾ ಫ್ಯೂಸೇ ಹಳೇದಾಗಿದೆ. ಫ್ಯೂಸ್ ಜಾಗದಲ್ಲಿ ಫ್ಯೂಸೇ ಇಲ್ಲದೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದನೋ ದಪ್ಪ ತಾಮ್ರದ ಎಳೆನೋ ಸಿಕ್ಕಿದ್ರೆ, ಟ್ರಾನ್ಸ್‌ಫಾರ್ಮರ್ ಮೊದಲು ಚೆಕ್ ಮಾಡಿ.

ಮೀಟರ್ ಒಂದಿದೆ, ಅಷ್ಟೇ. ಎಲ್ಲಿಂದ ಶುರು ಮಾಡ್ಲಿ?

ಒಂದು ಸಾದಾ ಮಲ್ಟಿಮೀಟರ್ ಇದ್ರೆ ಮುಕ್ಕಾಲು ಪಾಲು ಕೆಲಸ ಆಗುತ್ತೆ. ಸ್ಪೀಕರ್ ವೈರ್ ಬಿಚ್ಚಿಡಿ. ಡಯೋಡ್ ಮೋಡ್‌ಗೆ ಹಾಕಿ ಔಟ್‌ಪುಟ್ ಟ್ರಾನ್ಸಿಸ್ಟರ್ ಕಲೆಕ್ಟರ್-ಎಮಿಟರ್ ಮಧ್ಯೆ ನೋಡಿ, ಎರಡೂ ಕಡೆ ತಿರುಗಿಸಿ ನೋಡಿದ್ರೂ ಬೀಪ್ ಅಂದ್ರೆ ಶಾರ್ಟ್. ಬೇಸ್-ಎಮಿಟರ್, ಬೇಸ್-ಕಲೆಕ್ಟರ್ ಒಂದು ಕಡೆಗೆ 0.5ರಿಂದ 0.7 ತೋರಿಸಬೇಕು.

ಇಲ್ಲಿ ಒಂದು ವಿಷಯ, ದೊಡ್ಡ ಆಂಪ್‌ನಲ್ಲಿ ಮೂರು ನಾಲ್ಕು ಟ್ರಾನ್ಸಿಸ್ಟರ್ ಪ್ಯಾರಲಲ್ ಇರುತ್ತೆ, ಒಂದು ಶಾರ್ಟ್ ಆದ್ರೆ ಬೋರ್ಡ್ ಮೇಲೆ ಎಲ್ಲವೂ ಶಾರ್ಟ್ ಥರಾನೇ ಕಾಣುತ್ತೆ. ಎಲ್ಲಾ ಕೀಳಬೇಡಿ, ಒಂದೊಂದರ ಎಮಿಟರ್ ಕಾಲನ್ನ ಮಾತ್ರ ಸೋಲ್ಡರ್ ಬಿಡಿಸಿ ಎತ್ತಿ ನೋಡ್ತಾ ಹೋದ್ರೆ ಯಾವುದು ಅಂತ ಗೊತ್ತಾಗುತ್ತೆ. ಗೊತ್ತಾದ ಮೇಲೂ ಆ ಸಾಲಿನ ಎಲ್ಲವನ್ನೂ ಬದಲಾಯಿಸೋದೇ ಒಳ್ಳೇದು, ಮಿಕ್ಕವು ಅದೇ ಪೆಟ್ಟು ತಿಂದಿರುತ್ತೆ.

ಆಮೇಲೆ ನೋಡಬೇಕಾದ್ದು ಎಮಿಟರ್ ಕಾಲಿಗೆ ಸೇರಿದ 0.22 ಓಮ್ ಸಿಮೆಂಟ್ ರೆಸಿಸ್ಟರ್‌ಗಳು, ಬೇಸ್ ರೆಸಿಸ್ಟರ್‌ಗಳು, ಡ್ರೈವರ್‌ಗಳು. ಔಟ್‌ಪುಟ್ ಶಾರ್ಟ್ ಆದಾಗ ಡ್ರೈವರ್ ಬದುಕಿದೆ ಅಂತ ನಂಬಬೇಡಿ, ಕಿತ್ತು ನೋಡಿ. ಸಿಮೆಂಟ್ ರೆಸಿಸ್ಟರ್ ಹೊರಗಡೆ ಚೆನ್ನಾಗೇ ಕಾಣುತ್ತೆ, ಒಳಗೆ ಓಪನ್ ಆಗಿರುತ್ತೆ.

ಸ್ಟೀರಿಯೋ ಆಂಪ್ ಆಗಿದ್ದು ಒಂದು ಚಾನೆಲ್ ಸರಿ ಇದ್ರೆ ನಿಮ್ಮ ಅದೃಷ್ಟ, ಸರ್ಕ್ಯೂಟ್ ಡಯಾಗ್ರಾಂ ಬೇಕಾಗಿಲ್ಲ. ಈ ಕಡೆ ಇಟ್ಟ ಪ್ರೋಬನ್ನ ಆ ಕಡೆ ಅದೇ ಜಾಗದಲ್ಲಿಟ್ಟು ರೀಡಿಂಗ್ ಹೋಲಿಸ್ತಾ ಹೋಗಿ. ಒಳ್ಳೆ ಚಾನೆಲ್ಲೇ ಪುಸ್ತಕ.

ಸೀರೀಸ್ ಬಲ್ಬ್ ಅಂತಾರಲ್ಲ, ಅದು ಬೇಕೇ ಬೇಕಾ?

ಬೇಕೇ ಬೇಕು. ಆಂಪ್‌ಗೆ ಹೋಗೋ ಫೇಸ್ ವೈರ್ ಮಧ್ಯೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಒಂದನ್ನ ಸೇರಿಸೋದು. ಸ್ವಿಚ್ ಹಾಕಿದ ತಕ್ಷಣ ಕೆಪಾಸಿಟರ್ ತುಂಬೋ ಹೊತ್ತಿಗೆ ಬಲ್ಬ್ ಝಗ್ಗಂತ ಹತ್ತಿ ಆಮೇಲೆ ಕೆಂಡದ ಥರ ಮಂಕಾದ್ರೆ ಆಂಪ್‌ನಲ್ಲಿ ಶಾರ್ಟ್ ಇಲ್ಲ. ಪೂರ್ತಿ ಉರೀತಾನೇ ಇದ್ರೆ ಶಾರ್ಟ್ ಇನ್ನೂ ಇದೆ, ಆಫ್ ಮಾಡಿ ಮತ್ತೆ ಹುಡುಕಿ. ಹೊಸ ಟ್ರಾನ್ಸಿಸ್ಟರ್ ಸುಡೋ ಬದಲು ಬಲ್ಬ್ ಉರಿಯುತ್ತೆ ಅಷ್ಟೇ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಆಗಲ್ಲ. ಫಿಲಮೆಂಟ್ ಬಲ್ಬ್ ಈಗ ಅಂಗಡೀಲಿ ಕೇಳಿದ್ರೆ ನಿಮ್ಮನ್ನೇ ಒಂಥರಾ ನೋಡ್ತಾರೆ, ಸಂತೆಲೋ ಹಳೇ ಮನೆ ಅಟ್ಟದಲ್ಲೋ ಸಿಕ್ಕಿದ್ರೆ ಎರಡು ಎತ್ತಿಡಿ. ತುಂಬಾ ದೊಡ್ಡ ಟ್ರಾನ್ಸ್‌ಫಾರ್ಮರ್ ಇರೋ ಆಂಪ್‌ಗೆ 200 ವ್ಯಾಟ್ ಬೇಕಾಗುತ್ತೆ.

ಮಳೆಗಾಲ ಪೂರ್ತಿ ಸುಮ್ಮನೆ ಇಟ್ಟಿದ್ದ ಆಂಪ್ ಕೈಲ್ ಪೊಳ್ದ್ ಹಬ್ಬಕ್ಕೆ ಆನ್ ಮಾಡಿದ್ವಿ, ಅರ್ಧ ಗಂಟೇಲಿ ಹೊಗೆ ಬಂತು. ಉಪಯೋಗಿಸಿಯೇ ಇರಲಿಲ್ಲ, ಹೇಗೆ ಹಾಳಾಗುತ್ತೆ?

ಉಪಯೋಗಿಸದೆ ಇದ್ದಿದ್ದಕ್ಕೇ ಹಾಳಾಗಿದ್ದು. ನಾನು ಮೂರು ಸಲ ಸುಟ್ಟೆ ಅಂದ್ನಲ್ಲ, ಆ ಸೆಟ್ಟೂ ಇದೇ ಥರದ್ದು. ಭಾಗಮಂಡಲದ ಕಡೆಯ ಒಂದು ಮನೆಯದು, ಜೋರು ಮಳೆಯ ಕಕ್ಕಡ ತಿಂಗಳು ಪೂರ್ತಿ ಗೋಡೆ ಪಕ್ಕದ ಕಪಾಟಿನಲ್ಲಿ ಇತ್ತು. ಮುಚ್ಚಳ ತೆಗೆದಾಗ ವೈರಿನ ಮೇಲೆಲ್ಲಾ ಬಿಳಿ ಬೂಷ್ಟು, ಒರೆಸಿದೆ, ಟ್ರಾನ್ಸಿಸ್ಟರ್ ಹಾಕಿದೆ, ಓಡ್ತು, ಬಿಸಿಯಾಯ್ತು, ಹೋಯ್ತು. ಮತ್ತೆ ಹಾಗೇ. ಮತ್ತೆ ಹಾಗೇ.

ನಾಲ್ಕನೇ ಸಲ ಸೀರೀಸ್ ಬಲ್ಬ್ ಇಟ್ಟುಕೊಂಡು, 0.22 ಓಮ್ ಎಮಿಟರ್ ರೆಸಿಸ್ಟರ್ ಎರಡು ಕಾಲಿನ ಮಧ್ಯೆ ಮೀಟರ್ ಇಟ್ಟು ನೋಡ್ತಾ ಕೂತೆ. ಹಾಡು ಇಲ್ಲ, ಸ್ಪೀಕರ್ ಇಲ್ಲ. 10 ಮಿಲಿವೋಲ್ಟ್ ತೋರಿಸ್ತಾ ಇತ್ತು, ಅಂದ್ರೆ ಸುಮಾರು 45 ಮಿಲಿಆಂಪಿಯರ್ ಐಡಲ್ ಕರೆಂಟ್ (ಹಾಡಿಲ್ಲದಾಗ ಹರಿಯೋದು), ಸರಿಯಾಗಿದೆ. ಸುಮ್ಮನೆ ಪೆನ್ಸಿಲ್ ತುದಿಯಿಂದ ಬಯಾಸ್ ಪ್ರಿಸೆಟ್ (ಆ ಐಡಲ್ ಕರೆಂಟನ್ನ ತಿರುಗಿಸಿ ಹೊಂದಿಸೋ ಸಣ್ಣ ರೆಸಿಸ್ಟರ್) ತಟ್ಟಿದೆ, ಬಲ್ಬ್ ಫಕ್ಕಂತ ಹತ್ಕೊಂಡ್ತು! ಬೆರಳಿನ ಉಗುರಷ್ಟಿರೋ ಪ್ರಿಸೆಟ್, ಅದರ ಒಳಗಿನ ತಗಡಿನ ನಾಲಿಗೆ ಕಾರ್ಬನ್ ಪಟ್ಟಿಗೆ ತಾಗೋ ಜಾಗದಲ್ಲಿ ಹಸಿರು ಕಿಲುಬು, ಬರಿಗಣ್ಣಿಗೆ ಕಾಣೋದೇ ಕಷ್ಟ, ಭೂತಗನ್ನಡಿ ಹಿಡಿದಾಗ ಕಾಣ್ತು.

ಯಾಕೆ ಹೀಗಾಗುತ್ತೆ ಅಂದ್ರೆ, ಬಿಸಿ ಹೊರಹಾಕೋ ಲೋಹದ ಹೀಟ್ ಸಿಂಕ್ ಮೇಲೆ ಅಥವಾ ಪಕ್ಕದಲ್ಲಿ ಬಿಡಿ139 ಥರದ ಒಂದು ಸಣ್ಣ ಟ್ರಾನ್ಸಿಸ್ಟರ್ ಇರುತ್ತೆ, ಔಟ್‌ಪುಟ್ ಎಷ್ಟು ತೆರೆದಿರಬೇಕು ಅಂತ ಹಿಡಿದಿಡೋದು ಅದೇ, ಅದಕ್ಕೆ ಲೆಕ್ಕ ಹೇಳೋದು ಆ ಪ್ರಿಸೆಟ್. ಬಹಳಷ್ಟು ಬೋರ್ಡುಗಳಲ್ಲಿ ಪ್ರಿಸೆಟ್‌ನ ನಾಲಿಗೆ ಕಾಂಟ್ಯಾಕ್ಟ್ ಬಿಟ್ರೆ ಆ ಸಣ್ಣ ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗುತ್ತೆ, ಆಫ್ ಆದ್ರೆ ಮೇಲೆ-ಕೆಳಗೆ ಎರಡೂ ಕಡೆಯ ಔಟ್‌ಪುಟ್ ಒಟ್ಟಿಗೇ ಪೂರ್ತಿ ತೆರೆದುಕೊಳ್ಳುತ್ತೆ. ಪ್ಲಸ್ಸಿಂದ ಮೈನಸ್ಸಿಗೆ ನೇರ ದಾರಿ. ಬಿಸಿಯಾದಷ್ಟೂ ಟ್ರಾನ್ಸಿಸ್ಟರ್ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತೆ, ಎಳೆದಷ್ಟೂ ಇನ್ನೂ ಬಿಸಿ.

ಆವತ್ತಿಂದ ಮಳೆಗಾಲ ಮುಗಿದ ಮೇಲೆ ಬರೋ ಯಾವುದೇ ಸೆಟ್ಟಿಗೆ ಪ್ರಿಸೆಟ್ ಮೊದಲು ಬದಲಾಯಿಸ್ತೀನಿ, ತೆರೆದ ಪ್ರಿಸೆಟ್ ಬೇಡ, ನೀಲಿ ಡಬ್ಬಿ ಥರ ಮುಚ್ಚಿರೋ ಮಲ್ಟಿಟರ್ನ್ ಹಾಕಿ. ಇನ್ನೊಂದು, ಬಿಡಿ139 ಹೀಟ್ ಸಿಂಕ್‌ಗೆ ಅಂಟಿಕೊಂಡಿದೆಯಾ ನೋಡಿ, ಸ್ಕ್ರೂ ಸಡಿಲ ಆಗಿ ಗಾಳೀಲಿ ನೇತಾಡ್ತಾ ಇದ್ರೆ ಅದಕ್ಕೆ ಬಿಸಿಯೇ ಗೊತ್ತಾಗಲ್ಲ, ಪರಿಣಾಮ ಇದೇ.

ಮಂಟಪದ ಸೌಂಡ್‌ಗೆ ಒಂದೇ ಚಾನೆಲ್‌ಗೆ ನಾಲ್ಕು ಬಾಕ್ಸ್ ಹಾಕಿದ್ವಿ. ಹಿಂದಿನ ವರ್ಷ ಏನೂ ಆಗಿರಲಿಲ್ಲ, ಈ ಸಲ ಯಾಕೆ ಹೋಯ್ತು?

ಮಡಿಕೇರಿ ದಸರಾದ ದಶಮಂಟಪದ (ಹತ್ತು ದೇವಸ್ಥಾನದ ಮಂಟಪಗಳ ಮೆರವಣಿಗೆ) ರಾತ್ರಿ ಆದ್ಮೇಲೆ ಬರೋ ಸೆಟ್ಟುಗಳಲ್ಲಿ ಜಾಸ್ತಿ ಕಥೆ ಇದೇ. 8 ಓಮ್ ಬಾಕ್ಸ್ ನಾಲ್ಕು ಪ್ಯಾರಲಲ್ ಆದ್ರೆ 2 ಓಮ್. 50 ವೋಲ್ಟ್ ರೈಲ್ (ಒಳಗಿನ ಸಪ್ಲೈ) ಇರೋ ಆಂಪ್ 8 ಓಮ್‌ಗೆ ಪೀಕ್‌ನಲ್ಲಿ 6 ಆಂಪಿಯರ್ ಕೊಟ್ರೆ ಸಾಕು, 2 ಓಮ್‌ಗೆ ಲೆಕ್ಕದಲ್ಲಿ 25 ಆಂಪಿಯರ್ ಬೇಕು. 2ಎಸ್‌ಸಿ5200 ಒಂದಕ್ಕೆ ಹೆಚ್ಚೆಂದರೆ 15 ಆಂಪಿಯರ್, 150 ವ್ಯಾಟ್. ಆ 150 ವ್ಯಾಟ್ ಕೂಡ ಅದರ ಮೈ 25 ಡಿಗ್ರಿ ಇದ್ದಾಗ ಮಾತ್ರ, ಮೈ 100 ಡಿಗ್ರಿ ಆದ್ರೆ 60 ವ್ಯಾಟ್‌ಗೆ ಇಳಿಯುತ್ತೆ. ಹಿಂದಿನ ವರ್ಷ ಫ್ಯಾನ್ ತಿರುಗ್ತಿತ್ತು, ಈ ವರ್ಷ ಧೂಳು ತುಂಬಿ ನಿಂತಿರಬಹುದು, ಅಥವಾ ಟ್ರಾನ್ಸಿಸ್ಟರಿಗೂ ಹೀಟ್ ಸಿಂಕಿಗೂ ಮಧ್ಯೆ ಇರೋ ಮೈಕಾ ಹಾಳೆ ಕೆಳಗಿನ ಪೇಸ್ಟ್ ಒಣಗಿ ಸುಣ್ಣದ ಪುಡಿ ಥರ ಆಗಿರಬಹುದು, ಅಷ್ಟೇ ವ್ಯತ್ಯಾಸ.

ಬ್ರಿಡ್ಜ್ ಮೋಡ್‌ನಲ್ಲಿ (ಎರಡೂ ಚಾನೆಲ್ ಸೇರಿ ಒಂದೇ ಲೋಡ್ ಓಡಿಸೋದು) ಹಾಕಿದ್ರೆ ಇನ್ನೂ ಜೋಪಾನವಾಗಿರಿ, ಪ್ರತಿ ಚಾನೆಲ್‌ಗೆ ಲೋಡಿನ ಓಮ್ ಅರ್ಧ ಆಗಿ ಕಾಣುತ್ತೆ, 4 ಓಮ್ ಬಾಕ್ಸ್ ಹಾಕಿದ್ರೆ ಒಂದೊಂದು ಚಾನೆಲ್‌ಗೂ 2 ಓಮ್.

ಸ್ಪೀಕರನ್ನೂ ಕೇಬಲನ್ನೂ ಚೆಕ್ ಮಾಡದೆ ಆಂಪ್ ವಾಪಸ್ ಕೊಡಬೇಡಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6 ಚಿಲ್ರೆ ತೋರಿಸುತ್ತೆ, 2 ತೋರಿಸಿದ್ರೆ ವಾಯ್ಸ್ ಕಾಯಿಲ್ ಸುಟ್ಟು ಒಳಗೊಳಗೇ ಸೇರ್ಕೊಂಡಿದೆ. ಕೋನ್ ಮೇಲೆ ಎರಡು ಕೈ ಬೆರಳು ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ, ಕರಕರ ಅಂದ್ರೆ ಕಾಯಿಲ್ ಉಜ್ತಾ ಇದೆ. ಕೇಬಲ್ ಅಂತೂ ಟ್ರ್ಯಾಕ್ಟರ್ ಚಕ್ರದ ಕೆಳಗೆ ಸಿಕ್ಕಿರುತ್ತೆ, ಮೇಲೆ ರಬ್ಬರ್ ಚೆನ್ನಾಗೇ ಇರುತ್ತೆ ಒಳಗೆ ಎರಡು ತಾಮ್ರ ಒಂದಕ್ಕೊಂದು ತಾಗಿರುತ್ತೆ. ಮೀಟರ್ ಬೀಪ್‌ನಲ್ಲಿ ಇಟ್ಟು ಕೇಬಲ್ಲನ್ನ ಮೊಳ ಮೊಳ ಬಗ್ಗಿಸ್ತಾ ಹೋಗಿ. ಟರ್ಮಿನಲ್‌ನಲ್ಲಿ ಒಂದೇ ಒಂದು ಎಳೆ ಆಚೆ ಚಾಚಿಕೊಂಡಿದ್ರೂ ಶಾರ್ಟ್ ಆಗೋಕೆ ಸಾಕು.

ಸಿಡಿಲಿಗೆ ಹೋಗಿದ್ದಾ, ಕರೆಂಟ್ ಜಾಸ್ತಿ ಬಂದು ಹೋಗಿದ್ದಾ, ಹೇಗೆ ಗೊತ್ತಾಗುತ್ತೆ?

ಕಾಫಿ ಹೂಮಳೆ ಬರೋ ಮಾರ್ಚ್-ಏಪ್ರಿಲ್‌ನ ಗುಡುಗು ಸಿಡಿಲಿಗೆ ಹೋದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಚೆನ್ನಾಗಿರುತ್ತೆ, ಇನ್‌ಪುಟ್ ಕಡೆಯ 4558 ಐಸಿ, ಬ್ಲೂಟೂತ್ ಬೋರ್ಡು, ಬ್ರಿಡ್ಜ್ ಡಯೋಡ್ ಇಂಥವು ಹೋಗಿರುತ್ತೆ. ಉದ್ದದ ಮೈಕ್ ವೈರ್, ತೋಟದ ಆಚೆವರೆಗೆ ಎಳೆದ ಹಾರ್ನ್ ವೈರ್ ಇದ್ರೆ ಸಿಡಿಲು ಅದರಲ್ಲೇ ಬರುತ್ತೆ, ಮೇನ್ ಸ್ವಿಚ್ ಆಫ್ ಮಾಡಿದ್ರೂ ಪ್ರಯೋಜನ ಇಲ್ಲ, ಎಲ್ಲಾ ಕಡೆಯ ವೈರೂ ಕೀಳಬೇಕು. ಫ್ಯೂಸ್ ಸಿಡಿಲನ್ನ ತಡೆಯಲ್ಲ, ಅದು ಕರಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ.

ನ್ಯೂಟ್ರಲ್ ಕಟ್ ಆಗಿ ವೋಲ್ಟೇಜ್ ಏರಿದ್ದಾದ್ರೆ ಗುರುತು ಬೇರೆ. ಗಾಳಿಮಳೆಗೆ ಮರ ಬಿದ್ದು ನ್ಯೂಟ್ರಲ್ ತುಂಡಾದ್ರೆ 230 ಬರಬೇಕಾದ ಜಾಗದಲ್ಲಿ 300 ದಾಟಬಹುದು, ಪಕ್ಕದ ಮನೆಯ ಟಿವಿ, ಬಲ್ಬ್‌ಗಳೂ ಅದೇ ಹೊತ್ತಿಗೆ ಹೋಗಿರುತ್ತೆ, ಕೇಳಿ ನೋಡಿ. ಆಂಪ್ ಒಳಗೆ 63 ವೋಲ್ಟಿನ ಫಿಲ್ಟರ್ ಕೆಪಾಸಿಟರ್‌ನ ತಲೆ ಉಬ್ಬಿರುತ್ತೆ ಅಥವಾ ಒಡೆದಿರುತ್ತೆ. ಎವಿಆರ್ (ವೋಲ್ಟೇಜ್ ಹಿಡಿದಿಡೋ ಭಾಗ) ಸರಿ ಇಲ್ಲದ ಸಣ್ಣ ಜನರೇಟರ್‌ನಲ್ಲೂ ಹೀಗಾಗುತ್ತೆ, ದೊಡ್ಡ ಹ್ಯಾಲೊಜನ್ ಲೈಟು ಒಂದೇ ಸಲ ಆಫ್ ಆದಾಗ ವೋಲ್ಟೇಜ್ ಜಿಗಿಯುತ್ತೆ. ಲೈಟಿಗೆ ಒಂದು, ಸೌಂಡಿಗೆ ಒಂದು ಜನರೇಟರ್ ಬೇರೆ ಇಡೋದು ದುಡ್ಡು ದಂಡ ಅಲ್ಲ.

ತೋಟಕ್ಕೆ ಸ್ಪ್ರಿಂಕ್ಲರ್ ಮೋಟಾರ್ ಓಡುವಾಗ ಆಗೋ ಲೋ ವೋಲ್ಟೇಜ್‌ಗೆ ಟ್ರಾನ್ಸ್‌ಫಾರ್ಮರ್ ಆಂಪ್ ಸಾಯಲ್ಲ, ಸೌಂಡ್ ಬೇಗ ಒಡೆಯುತ್ತೆ ಅಷ್ಟೇ. ಒಡೆದ ಸೌಂಡನ್ನೇ ಜೋರು ಮಾಡಿದ್ರೆ ಮೊದಲು ಹೋಗೋದು ಟ್ವೀಟರ್.

ಆನ್ ಮಾಡಿದ್ರೆ ರಿಲೇ ಟಕ್ ಅನ್ನಲ್ಲ. ರಿಲೇನ ಬೈಪಾಸ್ ಮಾಡಿಬಿಡ್ಲಾ?

ದಯವಿಟ್ಟು ಬೇಡ. ರಿಲೇ ಅಂದ್ರೆ ಆಂಪ್‌ಗೂ ಸ್ಪೀಕರಿಗೂ ಮಧ್ಯದ ಸ್ವಿಚ್ಚು, ಅದು ಸುಮ್ಮನೆ ಕೂತಿದೆ ಅಂದ್ರೆ ನಿಮ್ಮ ಸ್ಪೀಕರನ್ನ ಕಾಪಾಡ್ತಾ ಇರಬಹುದು. ರಿಲೇಗಿಂತ ಮೊದಲು, ಆಂಪ್ ಔಟ್‌ಪುಟ್ ಮತ್ತೆ ಗ್ರೌಂಡ್ ಮಧ್ಯೆ ಡಿಸಿ ವೋಲ್ಟ್ ನೋಡಿ. 50 ಮಿಲಿವೋಲ್ಟ್ ಒಳಗಿದ್ರೆ ಆಂಪ್ ಚೆನ್ನಾಗಿದೆ, ತೊಂದರೆ ಇರೋದು ರಿಲೇ ಸರ್ಕ್ಯೂಟ್‌ನಲ್ಲಿ, ಯುಪಿಸಿ1237 ಐಸಿ ಅಥವಾ ಅದರ ಪಕ್ಕದ ಸಣ್ಣ ಕೆಪಾಸಿಟರ್. ಮೂವತ್ತೋ ನಲವತ್ತೋ ವೋಲ್ಟ್ ಬಂದ್ರೆ ಔಟ್‌ಪುಟ್ ಹೋಗಿದೆ, ಬೈಪಾಸ್ ಮಾಡಿದ್ರೆ ಆ ಪೂರ್ತಿ ಡಿಸಿ ವಾಯ್ಸ್ ಕಾಯಿಲ್‌ಗೆ ಹೋಗಿ ಕೆಲವೇ ಕ್ಷಣದಲ್ಲಿ ಸ್ಪೀಕರ್ ಹೊಗೆಯಾಡುತ್ತೆ.

ರಿಲೇ ಟಕ್ ಅಂದು ಕಮ್ಮಿ ವಾಲ್ಯೂಮ್‌ನಲ್ಲಿ ಸೌಂಡ್ ಬರದೆ ಜೋರು ಮಾಡಿದಾಗ ಮಾತ್ರ ಬಂದ್ರೆ ಕಾಂಟ್ಯಾಕ್ಟ್ ಕಪ್ಪಾಗಿದೆ, ರಿಲೇ ಬದಲಾಯಿಸಿ.

ಗುಂಯ್ ಅಂತ ಹಮ್ ಬರ್ತಿದೆ.

ವಾಲ್ಯೂಮ್ ಸೊನ್ನೆ ಮಾಡಿ. ಆಗಲೂ ಅಷ್ಟೇ ಇದ್ರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಥವಾ ಅದರ ಕಾಲಿನ ಸೋಲ್ಡರ್ ಬಿಟ್ಟಿದೆ. ವಾಲ್ಯೂಮ್ ಜೊತೆ ಹಮ್ಮೂ ಏರಿಳಿದ್ರೆ ಇನ್‌ಪುಟ್ ವೈರಿನ ಶೀಲ್ಡ್ ಕಟ್ ಆಗಿದೆ. ಪ್ಲಗ್ಗಿನ ಅರ್ಥ್ ಪಿನ್ ಕಿತ್ರೆ ಹಮ್ ಹೋಗುತ್ತೆ ಅಂತ ಯಾರೋ ಹೇಳಿರ್ತಾರೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೈಕ್ ಹಿಡಿಯೋ ಊರು ನಮ್ದು, ಅದನ್ನ ಮಾತ್ರ ಮಾಡಬೇಡಿ.

ಔಟ್‌ಪುಟ್ ಹತ್ರ ಒಂದು ಸಣ್ಣ 10 ಓಮ್ ರೆಸಿಸ್ಟರ್ ಪದೇ ಪದೇ ಸುಡ್ತಿದೆ, ಆಂಪ್ ಮಾತ್ರ ಹಾಡ್ತಿದೆ.

ಅದು ದೊಡ್ಡ ಸುಳಿವು, ಬಿಡಬೇಡಿ. ಆ 10 ಓಮ್ ಮತ್ತೆ ಅದರ ಜೊತೆಯ 0.1 ಮೈಕ್ರೋಫ್ಯಾರಡ್ ಇರೋದೇ ಆಂಪ್ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗದ ಹಾಗೆ ತಡೆಯೋಕೆ. ರೆಸಿಸ್ಟರ್ ಸುಡ್ತಿದೆ ಅಂದ್ರೆ ಕೆಪಾಸಿಟರ್ ಶಾರ್ಟ್ ಆಗಿರಬೇಕು, ಅಥವಾ ಆಂಪ್ ನಿಜವಾಗ್ಲೂ ಆಸಿಲೇಟ್ ಆಗ್ತಿದೆ. ಹಾಡಿಲ್ಲದೇನೂ ಹೀಟ್ ಸಿಂಕ್ ಕೈ ಇಡೋಕಾಗದಷ್ಟು ಬಿಸಿ ಇದ್ರೆ ಎರಡನೇದೇ. ಹಿಂದೆ ರಿಪೇರಿ ಮಾಡಿದವರು 47 ಅಥವಾ 100 ಪಿಕೋಫ್ಯಾರಡ್‌ನ ಸಣ್ಣ ಸೆರಾಮಿಕ್ ಕೆಪಾಸಿಟರನ್ನ ಕಿತ್ತು ವಾಪಸ್ ಹಾಕದೆ ಬಿಟ್ಟಿದ್ದಾರಾ ನೋಡಿ.

ಡೂಪ್ಲಿಕೇಟ್ ಟ್ರಾನ್ಸಿಸ್ಟರ್ ಕಂಡುಹಿಡಿಯೋದು ಹೇಗೆ?

5200-1943 ಜೋಡಿಗೆ ಇರೋಷ್ಟು ನಕಲು ಬೇರೆ ಯಾವುದಕ್ಕೂ ನಾನು ನೋಡಿಲ್ಲ. ಮೇಲೆ ಕಂಪನಿ ಹೆಸರು ಅಚ್ಚಾಗಿದೆ ಅಂತ ನಂಬೋಕಾಗಲ್ಲ, ಮೀಟರ್‌ನಲ್ಲೂ ಒಳ್ಳೇದು ಅಂತಾನೇ ತೋರಿಸುತ್ತೆ, ಸಣ್ಣ ವಾಲ್ಯೂಮ್‌ನಲ್ಲಿ ಚೆನ್ನಾಗೂ ಹಾಡುತ್ತೆ, ಜೋರು ಮಾಡಿದ ದಿನ ಹೋಗುತ್ತೆ. ಹಳೇ ಸುಟ್ಟ ಒರಿಜಿನಲ್ ಒಂದನ್ನ ಸುತ್ತಿಗೇಲಿ ಒಡೆದು ಒಳಗಿನ ಸಿಲಿಕಾನ್ ಚೂರಿನ ಅಗಲ ನೋಡಿ, ನಕಲಿಯದನ್ನೂ ಒಡೆದು ಪಕ್ಕದಲ್ಲಿ ಇಡಿ. ಒರಿಜಿನಲ್‌ದು ಅಗಲವಾಗಿರುತ್ತೆ, ನಕಲಿಯದು ಕಾಳುಮೆಣಸಿನ ಚೂರಿನಷ್ಟು. ಹತ್ತು ತಗೊಂಡ್ರೆ ಒಂದನ್ನ ಒಡೆದು ನೋಡೋದು ನನ್ನ ರೂಢಿ, ಹೋದ್ರೆ ಒಂದರ ದುಡ್ಡು ಹೋಗುತ್ತೆ.

ಐಸಿ ಬೋರ್ಡ್‌ಗಳು? 4440, 7294 ಹಾಕಿರೋದು?

ಬೇಗ ಹೇಳ್ತೀನಿ. ಟಿಡಿಎ7294ರ ಲೋಹದ ಬೆನ್ನು ಒಳಗೆ ಮೈನಸ್ ಸಪ್ಲೈಗೆ ಸೇರಿರುತ್ತೆ, ಮೈಕಾ ಇಲ್ಲದೆ ಚಾಸಿಗೆ ಕೂರಿಸಿದ್ರೆ ಆವತ್ತೇ ಶಾರ್ಟ್. 4440ಕ್ಕೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದಾಗ ಬ್ರಿಡ್ಜ್ ಡಯೋಡ್ ಆದ್ಮೇಲೆ 16-17 ವೋಲ್ಟ್ ಆಗುತ್ತೆ ಅನ್ನೋದನ್ನ ಮರೀತಾರೆ, 15-0-15 ಹಾಕಿ ಸುಟ್ಟವರು ಬಹಳ ಜನ.

ಕ್ಲಾಸ್ ಡಿ, ಹಗುರದ ಆಂಪ್‌ಗಳನ್ನ ಮನೇಲಿ ನೋಡಬಹುದಾ?

ಫ್ಯೂಸ್, ಫ್ಯಾನ್, ಬಿಟ್ಟ ಸೋಲ್ಡರ್ ನೋಡಬಹುದು. ಅದರ ಸಪ್ಲೈ ಭಾಗದಲ್ಲಿ ಮೇನ್ಸ್ ನೇರವಾಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತೆ, ಅಲ್ಲಿ ಕೈ ತಪ್ಪಿದ್ರೆ ಪ್ರಾಣಕ್ಕೇ ಬರುತ್ತೆ. ಅನುಭವ ಇಲ್ಲದಿದ್ರೆ ಬಿಟ್ಟುಬಿಡಿ.

ಒಳಗೆ ಇರುವೆ, ಕಡಜದ ಗೂಡು ಎಲ್ಲಾ ಇತ್ತು. ಅದರಿಂದಲೂ ಹೋಗುತ್ತಾ?

ಹೋಗುತ್ತೆ. ಕಡಜ ವೆಂಟಿನ ಒಳಗೆ ಮಣ್ಣಿನ ಗೂಡು ಕಟ್ಟುತ್ತೆ, ಮಣ್ಣು ಹಸಿ ಇರುವಾಗ ಕರೆಂಟ್ ಹರಿಯುತ್ತೆ, ಒಣಗಿದ ಮೇಲೆ ಗಾಳಿ ಆಡಲ್ಲ. ಹಲ್ಲಿ ಬಿಸಿ ಹುಡುಕ್ಕೊಂಡು ಟ್ರಾನ್ಸ್‌ಫಾರ್ಮರ್ ಪಕ್ಕ ಮಲಗಿ ಫ್ಯೂಸ್ ಹೋಲ್ಡರ್‌ಗೆ ತಾಗಿ ಸತ್ತಿರೋದು ಎಷ್ಟೋ ಸಲ ಸಿಕ್ಕಿದೆ. ವೆಂಟಿಗೆ ಒಳಗಿನಿಂದ ಸಣ್ಣ ಕಣ್ಣಿನ ಸೊಳ್ಳೆ ಜಾಲರಿ ಅಂಟಿಸಿ, ತಿಂಗಳಿಗೊಮ್ಮೆ ಬ್ರಷ್ ಹೊಡೀರಿ.

ಎಲ್ಲಾ ಹಾಕಿ ಆಯ್ತು. ಈಗ ಆನ್ ಮಾಡೋ ಕ್ರಮ?

ಪ್ರಿಸೆಟನ್ನ ಕಮ್ಮಿ ಬಯಾಸ್ ಕಡೆಗೆ ತಿರುಗಿಸಿಡಿ. ಸ್ಪೀಕರ್ ಬೇಡ, ಇನ್‌ಪುಟ್ ಬೇಡ, ಸೀರೀಸ್ ಬಲ್ಬ್ ಇಟ್ಟು ಸ್ವಿಚ್ ಹಾಕಿ. ಬಲ್ಬ್ ಮಂಕಾಯ್ತಾ, ಔಟ್‌ಪುಟ್‌ನಲ್ಲಿ ಡಿಸಿ 50 ಮಿಲಿವೋಲ್ಟ್ ಒಳಗಿದೆಯಾ, ಎರಡೂ ಹೌದಾದ್ರೆ ಬಲ್ಬ್ ತೆಗೆದು ನೇರ ಕೊಡಿ. ಆಮೇಲೆ 0.22 ಓಮ್ ಮೇಲೆ ಮೀಟರ್ ಇಟ್ಟು ಪ್ರಿಸೆಟನ್ನ ಕೂದಲೆಳೆಯಷ್ಟು ತಿರುಗಿಸ್ತಾ 10 ಮಿಲಿವೋಲ್ಟ್‌ಗೆ ತನ್ನಿ, ಕಂಪನಿ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ರೆ ಅದೇ ಇಡಿ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಬಿಸಿಯಾದ ಮೇಲೆ ರೀಡಿಂಗ್ ಸ್ವಲ್ಪ ಆಚೀಚೆ ಆಗಿ ನಿಲ್ಲಬೇಕು, ಏರ್ತಾನೇ ಹೋದ್ರೆ ಆಫ್ ಮಾಡಿ ಬಿಡಿ139 ಕಡೆಗೆ ವಾಪಸ್ ಹೋಗಿ. ಸ್ಪೀಕರ್‌ಗಿಂತ ಮೊದಲು 8 ಓಮ್, 100 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್ ಲೋಡ್ ಮಾಡಿ ಅರ್ಧ ಗಂಟೆ ಹಾಡಿಸಿ.

ಮುಂದಿನ ಮಳೆಗಾಲಕ್ಕೆ ಎಲ್ಲಿ ಇಡೋದು?

ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿಡಬೇಡಿ, ಒಳಗೇ ಬೆವರುತ್ತೆ. ನೆಲದಿಂದಲೂ ಗೋಡೆಯಿಂದಲೂ ಒಂದು ಗೇಣು ಬಿಟ್ಟು ಮರದ ಹಲಗೆ ಮೇಲಿಡಿ, ಅಡುಗೆ ಒಲೆಯ ಹೊಗೆ ತಾಗದ ಆದ್ರೆ ಬಿಸಿ ತಾಗೋ ಕೋಣೆ ಇದ್ರೆ ಒಳ್ಳೇದು. ವಾರಕ್ಕೊಂದು ದಿನ ಅರ್ಧ ಗಂಟೆ ಸಣ್ಣಗೆ ಹಾಡಿಸಿ, ಒಳಗಿನ ಬಿಸಿಗೆ ತೇವ ಹೊರಗೆ ಹೋಗುತ್ತೆ. ಭಾಗಮಂಡಲದ ಆ ಮನೆಯವರು ಈಗ ಪ್ರತಿ ಭಾನುವಾರ ಬೆಳಗ್ಗೆ ಕಾಫಿ ಹೊತ್ತಿಗೆ ರೇಡಿಯೋ ಸೇರಿಸಿ ಆನ್ ಮಾಡ್ತಾರೆ, ಆಮೇಲೆ ಆ ಸೆಟ್ಟು ನನ್ನ ಬೆಂಚಿಗೆ ಬಂದಿಲ್ಲ.